ಕತ್ತಲಾದ ಮೇಲೆ ವೆನಿಸ್: ನಡಿಗೆಯೋ, ವಾಪೊರೆಟ್ಟೊವೋ, ಗೊಂಡೊಲಾವೋ?

ಪ್ರತಿವರ್ಷ ಏಪ್ರಿಲ್ ಮುಗಿಯುತ್ತಿದ್ದಂತೆ ನನ್ನ ಫೋನಿಗೆ ಒಂದೇ ಪ್ರಶ್ನೆ ಬೇರೆ ಬೇರೆ ಊರುಗಳಿಂದ ಬರತೊಡಗುತ್ತದೆ. ಮೈಸೂರಿನಿಂದ ಚಿಕ್ಕಮ್ಮ, ಹುಬ್ಬಳ್ಳಿಯಿಂದ ಹಳೆಯ ಸಹಪಾಠಿ, ಮ್ಯೂನಿಕ್‌ನಲ್ಲಿ ಓದುತ್ತಿರುವ ಅಕ್ಕನ ಮಗ. “ವೆನಿಸ್‌ನಲ್ಲಿ ಒಂದೇ ರಾತ್ರಿ ಇರೋದು. ಗೊಂಡೊಲಾ ಹತ್ತಬೇಕಾ, ಬೋಟಲ್ಲಿ ಸುತ್ತಿದರೆ ಸಾಕಾ, ಇಲ್ಲ ನಡೆದೇ ನೋಡಬೇಕಾ?” ಗೊಂಡೊಲಾ ಅಂದರೆ ಅಂಬಿಗ ಹುಟ್ಟು ಹಾಕುವ ಉದ್ದನೆಯ ದೋಣಿ, ಬೋಟು ಅಂದರೆ ವಾಪೊರೆಟ್ಟೊ ಎಂಬ ಸಾರ್ವಜನಿಕ ದೋಣಿ. ನಾನಿರುವುದು ಮಿಲಾನ್‌ನಲ್ಲಿ. ಅಲ್ಲಿಂದ ವೆನಿಸ್‌ಗೆ ರೈಲಿನಲ್ಲಿ ಎರಡೂವರೆ ಗಂಟೆಯ ದಾರಿ. ಎಂಟು ವರ್ಷಗಳಲ್ಲಿ ಜನವರಿಯ ಮಂಜಿನಲ್ಲೂ ಹೋಗಿದ್ದೇನೆ, ಆಗಸ್ಟಿನ ನೂಕುನುಗ್ಗಲಿನಲ್ಲೂ ಹೋಗಿದ್ದೇನೆ. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಕೊಟ್ಟಿದ್ದೇನೆ, ಏಕೆಂದರೆ ಕೇಳುವವರ ಮಂಡಿ ಬೇರೆ, ಜೇಬು ಬೇರೆ, ಬರುವ ತಿಂಗಳು ಬೇರೆ. ಆ ಉತ್ತರಗಳನ್ನೆಲ್ಲ ಇಲ್ಲಿ ಒಂದೆಡೆ ಇಡುತ್ತಿದ್ದೇನೆ.

ರಾತ್ರಿಯೇ ಯಾಕೆ ಎಂದು ಕೇಳುವವರಿಗೆ ಒಂದು ಮಾತು. ವೆನಿಸ್‌ನ ಹಳೆಯ ಊರಿನಲ್ಲಿ ಈಗ ವಾಸವಿರುವವರು 50 ಸಾವಿರಕ್ಕಿಂತ ಕಡಿಮೆ. ಹಗಲಲ್ಲಿ ಬೆಳಗ್ಗೆ ಬಂದು ಸಂಜೆ ಹೋಗುವವರ ಗುಂಪು ಓಣಿ ಓಣಿಗಳನ್ನೂ ತುಂಬಿಬಿಡುತ್ತದೆ. ಸೇತುವೆ ಹತ್ತಲು ಸಾಲು ನಿಲ್ಲಬೇಕಾಗುತ್ತದೆ. ಸಂಜೆ ಏಳರ ನಂತರ ಅದೇ ಗುಂಪು ರೈಲು, ಬಸ್ಸುಗಳ ಕಡೆ ಹರಿದುಹೋಗುತ್ತದೆ. ರಾತ್ರಿ ಹತ್ತಕ್ಕೆ ನಿಮ್ಮ ಹೆಜ್ಜೆಯ ಸದ್ದು, ಕಲ್ಲಿಗೆ ನೀರು ಬಡಿಯುವ ಸದ್ದು, ಎಲ್ಲೋ ಒಬ್ಬರು ಕಿಟಕಿ ಮುಚ್ಚುವ ಸದ್ದು ಮಾತ್ರ ಉಳಿಯುತ್ತದೆ. ಊರಿನಲ್ಲಿ ಕಾರಿಲ್ಲ, ಸ್ಕೂಟರಿಲ್ಲ, ಸೈಕಲ್ ಕೂಡ ಓಡಿಸುವಂತಿಲ್ಲ. ಅಷ್ಟು ದೊಡ್ಡ ಊರೊಂದು ಇಷ್ಟು ಮೌನವಾಗಿರುವುದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಇನ್ನೊಂದು ಅನುಕೂಲವೂ ಇದೆ. 2024ರ ಏಪ್ರಿಲ್ 25ರಿಂದ ಒಂದು ದಿನದ ಪ್ರವಾಸಿಗರ ಮೇಲೆ ಪ್ರವೇಶ ಶುಲ್ಕ ಬಂದಿದೆ. ವಸಂತ ಮತ್ತು ಬೇಸಿಗೆಯ ಗೊತ್ತುಪಡಿಸಿದ ದಿನಗಳಲ್ಲಿ ಅದು ಅನ್ವಯಿಸುವುದು ಬೆಳಗ್ಗೆ 8:30ರಿಂದ ಸಂಜೆ 4ರವರೆಗೆ ಮಾತ್ರ. ಅದಾದ ಮೇಲೆ ಬರುವವರು ಕೊಡಬೇಕಾಗಿಲ್ಲ. ಊರೊಳಗಿನ ಹೋಟೆಲಿನಲ್ಲಿ ತಂಗುವವರಿಗೂ ವಿನಾಯಿತಿ ಇದೆ, ಆದರೆ ಅವರು ಮೊದಲೇ ಆನ್‌ಲೈನಿನಲ್ಲಿ ವಿನಾಯಿತಿಯ ಕೋಡ್ ಪಡೆದಿಟ್ಟುಕೊಳ್ಳಬೇಕು.

ಯಾವ ಅಳತೆಗೋಲು?

ಮೊದಲನೆಯದು, ನಿಮಗೆ ಯಾವ ವೆನಿಸ್ ಬೇಕು ಎನ್ನುವುದು. ಅರಮನೆಗಳು ಸಾಲಾಗಿ ನಿಂತ ದೊಡ್ಡ ಕಾಲುವೆ, ಅಂದರೆ ಗ್ರ್ಯಾಂಡ್ ಕೆನಾಲ್, ಒಂದು ವೆನಿಸ್. ಎರಡು ಗೋಡೆಗಳ ನಡುವೆ ಕೈಚಾಚಿದರೆ ಮುಟ್ಟುವಷ್ಟು ಇಕ್ಕಟ್ಟಾದ ಹಿತ್ತಲ ಕಾಲುವೆಗಳದ್ದು ಇನ್ನೊಂದು. ದಡದ ಓಣಿ, ಅಂಗಳ, ಬಾಗಿಲುಗಳದ್ದು ಮೂರನೆಯದು. ಒಂದೇ ಸವಾರಿಯಲ್ಲಿ ಮೂರೂ ಸಿಗುವುದಿಲ್ಲ.

ಎರಡನೆಯದು ಕಾಲು. ವೆನಿಸ್‌ನಲ್ಲಿ 400ಕ್ಕೂ ಹೆಚ್ಚು ಸೇತುವೆಗಳಿವೆ, ಹೆಚ್ಚುಕಡಿಮೆ ಎಲ್ಲಕ್ಕೂ ಹತ್ತಿಳಿಯುವ ಮೆಟ್ಟಿಲು. ನಕ್ಷೆಯಲ್ಲಿ ಹತ್ತು ನಿಮಿಷ ಎಂದು ಕಾಣುವ ದಾರಿಯಲ್ಲಿ ಐದು ಸೇತುವೆ ಬರಬಹುದು. ತಂದೆತಾಯಿ ಜೊತೆಗಿದ್ದರೆ, ಮಗುವಿನ ತಳ್ಳುಗಾಡಿ ಇದ್ದರೆ, ಉಳಿದ ಲೆಕ್ಕವೆಲ್ಲ ಇದರ ಕೆಳಗೆ ಬರುತ್ತದೆ.

ಮೂರನೆಯದು ದುಡ್ಡು. ನಾಲ್ಕನೆಯದು ಸೂರ್ಯ ಮುಳುಗುವ ಹೊತ್ತು. ಹೆಚ್ಚಿನವರು ಇದನ್ನು ಯೋಚಿಸಿಯೇ ಇರುವುದಿಲ್ಲ. ಜೂನ್ ಕೊನೆಯಲ್ಲಿ ವೆನಿಸ್‌ನಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತರ ಹೊತ್ತಿಗೆ, ಡಿಸೆಂಬರ್ ಕೊನೆಯಲ್ಲಿ ಸಂಜೆ ನಾಲ್ಕೂವರೆಗೆ. ಗೊಂಡೊಲಾದ ಬಾಡಿಗೆ ನಿಂತಿರುವುದು ಗಡಿಯಾರದ ಮೇಲೆ, ಕತ್ತಲಿನ ಮೇಲಲ್ಲ. ಇದರ ಪರಿಣಾಮ ಏನೆಂದು ಮುಂದೆ ಹೇಳುತ್ತೇನೆ.

ಕೊನೆಯದು, ಹಿಂತಿರುಗುವ ದಾರಿ. ಇದರಿಂದಲೇ ಶುರುಮಾಡೋಣ, ಏಕೆಂದರೆ ಉಳಿದೆಲ್ಲ ಇದರ ಮೇಲೆ ನಿಂತಿದೆ.

ಮೊದಲು ಹಾಸಿಗೆ, ಆಮೇಲೆ ದೋಣಿ

ಹೆಚ್ಚಿನ ಕನ್ನಡಿಗ ಕುಟುಂಬಗಳು ತಂಗುವುದು ಮೆಸ್ತ್ರೆಯಲ್ಲಿ. ಅದು ಸೇತುವೆಯಾಚೆ, ಮುಖ್ಯ ನೆಲದ ಮೇಲಿರುವ ಪೇಟೆ. ಅಲ್ಲಿಂದ ವೆನಿಸ್‌ನ ಸಾಂತಾ ಲೂಚಿಯಾ ನಿಲ್ದಾಣಕ್ಕೆ ರೈಲಿನಲ್ಲಿ ಹತ್ತು ಹನ್ನೆರಡು ನಿಮಿಷ, ಟಿಕೆಟ್ಟು ಒಂದೂವರೆ ಯೂರೋ ಆಸುಪಾಸು. ಬಸ್ಸು, ಟ್ರಾಮ್ ಕೂಡ ಊರಂಚಿನ ಚೌಕವಾದ ಪಿಯಾತ್ಸಾಲೆ ರೋಮಾದವರೆಗೆ ಬರುತ್ತವೆ. ಕೋಣೆಯ ಬಾಡಿಗೆ ಅನೇಕ ಸಲ ಊರೊಳಗಿನ ಅರ್ಧದಷ್ಟಿರುತ್ತದೆ. ಹಗಲಷ್ಟೇ ನೋಡುವವರಿಗೆ ಇದು ಒಳ್ಳೆಯ ಆಯ್ಕೆ. ರಾತ್ರಿ ನೋಡಬೇಕೆಂದು ಬರುವವರಿಗೆ ಅಷ್ಟಿಲ್ಲ.

ಮೊದಲ ಎರಡು ಸಲ ನಾನೂ ಮೆಸ್ತ್ರೆಯಲ್ಲೇ ಇದ್ದೆ. ಎರಡು ಸಲವೂ ಹತ್ತೂಮುಕ್ಕಾಲಿಗೆ ಗಡಿಯಾರ ನೋಡತೊಡಗಿದೆ. ಊರಿನ ಮುಖ್ಯ ಚೌಕವಾದ ಸಾನ್ ಮಾರ್ಕೊ ಆಗಷ್ಟೇ ಖಾಲಿಯಾಗುತ್ತಿತ್ತು, ನಾನು ಅದಕ್ಕೆ ಬೆನ್ನುಹಾಕಿ ನಿಲ್ದಾಣದ ಕಡೆ ಬಿರುಸಾಗಿ ನಡೆಯುತ್ತಿದ್ದೆ. ಚೌಕದಿಂದ ನಿಲ್ದಾಣಕ್ಕೆ ನಡೆದರೆ ಮುಕ್ಕಾಲು ಗಂಟೆ ಎಂದುಕೊಳ್ಳಿ. ದಾರಿ ತಪ್ಪಿದರೆ ಇನ್ನೂ ಹೆಚ್ಚು. ನಡುರಾತ್ರಿಯ ನಂತರ ರೈಲು ವಿರಳ, ರಾತ್ರಿ ಬಸ್ಸಿಗೆ ಕಾಯಬೇಕು. ಮೂರನೆಯ ಸಲ ಕನಾರೆಜೊ ಬಡಾವಣೆಯಲ್ಲಿ, ಮೂರನೇ ಮಹಡಿಯಲ್ಲಿ, ಲಿಫ್ಟಿಲ್ಲದ ಒಂದು ಪುಟ್ಟ ಕೋಣೆ ಹಿಡಿದೆ. ಆ ರಾತ್ರಿ ಸಾನ್ ಮಾರ್ಕೊದ ಗಂಟೆಗೋಪುರದಲ್ಲಿ ಹನ್ನೆರಡರ ಗಂಟೆ ಬಾರಿಸುವುದನ್ನು ಚೌಕದ ನಡುವೆ ನಿಂತು ಕೇಳಿದೆ. ಬಾರಿಸುವುದು ಮರಂಗೋನಾ ಎಂಬ ದೊಡ್ಡ ಗಂಟೆ. 1902ರ ಜುಲೈ 14ರಂದು ಹಳೆಯ ಗೋಪುರ ಕುಸಿದುಬಿದ್ದಾಗ ಅದರಲ್ಲಿದ್ದ ಐದು ಗಂಟೆಗಳ ಪೈಕಿ ಒಡೆಯದೆ ಉಳಿದದ್ದು ಅದೊಂದೇ. ಗೋಪುರವನ್ನು ಮತ್ತೆ ಹಾಗೆಯೇ ಕಟ್ಟಿ 1912ರಲ್ಲಿ ಮುಗಿಸಿದರು. ಆ ನಾದ ಎದೆಗೆ ಬಡಿದ ಮೇಲೆ ನಾನು ಮತ್ತೆಂದೂ ಮೆಸ್ತ್ರೆಯಲ್ಲಿ ತಂಗಿಲ್ಲ.

ಆದ್ದರಿಂದ ನನ್ನ ತೀರ್ಪು ಇಲ್ಲೇ ಹೇಳಿಬಿಡುತ್ತೇನೆ. ರಾತ್ರಿಯ ವೆನಿಸ್‌ಗಾಗಿ ನೂರು ಯೂರೋ ಹೆಚ್ಚುವರಿ ಎತ್ತಿಟ್ಟಿದ್ದರೆ ಅದನ್ನು ಗೊಂಡೊಲಾಗೆ ಕೊಡುವ ಬದಲು ಊರೊಳಗಿನ ಹಾಸಿಗೆಗೆ ಕೊಡಿ. ಕೋಣೆ ಚಿಕ್ಕದಿದ್ದರೂ ಸರಿ. ಗೊಂಡೊಲಾ ಮೂವತ್ತೈದು ನಿಮಿಷ ಕೊಡುತ್ತದೆ, ಹಾಸಿಗೆ ಇಡೀ ರಾತ್ರಿಯನ್ನೂ ಬೆಳಗಿನ ಐದು ಗಂಟೆಯನ್ನೂ ಕೊಡುತ್ತದೆ. ಮುಂದಿನದನ್ನೆಲ್ಲ ಓದುವಾಗ ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ.

ನಡಿಗೆ

ಖರ್ಚಿಲ್ಲ, ಹೊತ್ತಿನ ಹಂಗಿಲ್ಲ, ಮೂರನೆಯ ವೆನಿಸ್ ಸಿಗುವುದು ಇಲ್ಲಿ ಮಾತ್ರ. ಊರು ಸುರಕ್ಷಿತ. ನನ್ನ ಹೆಂಡತಿ ಒಬ್ಬಳೇ ರಾತ್ರಿ ಹನ್ನೊಂದಕ್ಕೆ ನಡೆದಾಡಿದ್ದಾಳೆ, ಬೆಂಗಳೂರಿಗಿಂತ ಹೆಚ್ಚು ನಿರಾಳವಾಗಿದ್ದೆ ಎನ್ನುತ್ತಾಳೆ. ಜೇಬುಗಳ್ಳರ ಕಾಟವಿರುವುದು ಕಿಕ್ಕಿರಿದ ದೋಣಿಗಳಲ್ಲಿ, ಖಾಲಿ ಓಣಿಗಳಲ್ಲಿ ಅಲ್ಲ. ನಿಜವಾದ ಅಪಾಯ ಕಾಲಡಿಯದು. ಅನೇಕ ಓಣಿಗಳು ನೇರವಾಗಿ ನೀರಿಗೆ ಹೋಗಿ ಮುಗಿಯುತ್ತವೆ, ಕಂಬಿ ಇರುವುದಿಲ್ಲ. ಕೊನೆಯ ಮೆಟ್ಟಿಲುಗಳಲ್ಲಿ ಪಾಚಿ ಕಟ್ಟಿರುತ್ತದೆ. ಫೋನ್ ನೋಡುತ್ತಾ ನಡೆಯಬೇಡಿ, ಮಕ್ಕಳ ಕೈ ಬಿಡಬೇಡಿ.

ದಾರಿ ತಪ್ಪುವುದಂತೂ ಖಂಡಿತ. ಎತ್ತರದ ಗೋಡೆಗಳ ನಡುವೆ ಫೋನಿನ ನಕ್ಷೆಯ ಬಾಣ ಕುಣಿಯುತ್ತದೆ. ಮೂಲೆಗಳಲ್ಲಿ ಹಳದಿ ಫಲಕಗಳಿವೆ: ‘ಪೆರ್ ರಿಯಾಲ್ಟೊ’, ‘ಪೆರ್ ಸಾನ್ ಮಾರ್ಕೊ’, ‘ಪೆರ್ ಫೆರೊವಿಯಾ’ (ರೈಲು ನಿಲ್ದಾಣದ ಕಡೆ). ಇವನ್ನು ಹಿಡಿದು ನಡೆದರೆ ಮುಖ್ಯ ದಾರಿ ಸಿಕ್ಕೇ ಸಿಗುತ್ತದೆ. ಇಲ್ಲಿನ ಮನೆ ನಂಬರು ಬೀದಿಗೆ ಸೇರಿದ್ದಲ್ಲ, ಇಡೀ ಬಡಾವಣೆಗೆ ಸೇರಿದ್ದು. ಐದಾರು ಸಾವಿರದವರೆಗೂ ಹೋಗುತ್ತದೆ. ಹಾಗಾಗಿ ಹೋಟೆಲಿನ ವಿಳಾಸದ ಜೊತೆ ಹತ್ತಿರದ ‘ಕಾಂಪೊ’ದ, ಅಂದರೆ ಚೌಕದ, ಹೆಸರನ್ನೂ ಕೇಳಿ ಬರೆದಿಟ್ಟುಕೊಳ್ಳಿ. ದಾರಿಯಲ್ಲಿ ಕೇಳಿದರೆ ಜನ ಚೌಕದ ಹೆಸರಿನಿಂದಲೇ ಹೇಳುತ್ತಾರೆ.

ಒಂದು ವಿಷಯ ಮೊದಲೇ ತಿಳಿದಿರಲಿ. ದೊಡ್ಡ ಕಾಲುವೆಗೆ ಇರುವುದು ನಾಲ್ಕೇ ಸೇತುವೆ: ಪಿಯಾತ್ಸಾಲೆ ರೋಮಾ ಬಳಿ 2008ರಲ್ಲಿ ತೆರೆದ ಹೊಸ ಸೇತುವೆ, ನಿಲ್ದಾಣದ ಎದುರಿನ ಸ್ಕಾಲ್ಸಿ, ರಿಯಾಲ್ಟೊ, ಅಕಾದೆಮಿಯಾ. ಹಗಲಲ್ಲಿ ಎರಡು ಯೂರೋ ಕೊಟ್ಟರೆ ‘ತ್ರಾಗೆತ್ತೊ’ ಎಂಬ ಕಡವಿನ ದೋಣಿ ಆ ದಡದಿಂದ ಈ ದಡಕ್ಕೆ ದಾಟಿಸುತ್ತದೆ. ಸಂಜೆ ಅದು ನಿಂತುಹೋಗುತ್ತದೆ. ಆಮೇಲೆ ಎದುರು ದಡದಲ್ಲಿರುವ ನಿಮ್ಮದೇ ಹೋಟೆಲು ಕಣ್ಣಿಗೆ ಕಾಣುತ್ತಿದ್ದರೂ ಸೇತುವೆಯವರೆಗೆ ಸುತ್ತಿಯೇ ಹೋಗಬೇಕು.

ಎಲ್ಲಿ ನಡೆಯಬೇಕು? ಜನಸಂಚಾರ, ಬೆಳಕು, ಮಾತು ಬೇಕಿದ್ದರೆ ಕಾಂಪೊ ಸಾಂತಾ ಮಾರ್ಗರಿತಾ. ವಿದ್ಯಾರ್ಥಿಗಳ ಚೌಕ, ತಡರಾತ್ರಿಯವರೆಗೆ ಗಲಗಲ ಎನ್ನುತ್ತಿರುತ್ತದೆ. ನೀರಿನ ವಿಶಾಲ ಬಯಲು ಬೇಕಿದ್ದರೆ ಜಟ್ಟೆರೆ ದಂಡೆ. ನಡುವಿನ ಕೆಲವು ಸೇತುವೆಗಳನ್ನು ಬಿಟ್ಟರೆ ಸಮತಟ್ಟು. ಮೌನ ಬೇಕಿದ್ದರೆ ಕನಾರೆಜೊದ ಉತ್ತರದ ಕಾಲುವೆಗಳು. ನನಗೆ ಇದೇ ಇಷ್ಟ. ಅಲ್ಲಿಯ ಗೆತ್ತೊಗೆ, ಅಂದರೆ ಹಳೆಯ ಯಹೂದಿ ಕೇರಿಗೆ, ರಾತ್ರಿಯೇ ಹೋಗಿ ಎಂದು ಹೇಳುತ್ತೇನೆ. 1516ರಲ್ಲಿ ವೆನಿಸ್ ಗಣರಾಜ್ಯ ಯಹೂದಿಗಳನ್ನು ಈ ಪುಟ್ಟ ದ್ವೀಪದೊಳಗೆ ಕೂಡಿಹಾಕಿತು. ರಾತ್ರಿಯಾದರೆ ದ್ವಾರಗಳಿಗೆ ಬೀಗ, ಸುತ್ತ ಕಾಲುವೆಯಲ್ಲಿ ಕಾವಲು ದೋಣಿ, ಆ ಕಾವಲುಗಾರರ ಸಂಬಳವನ್ನೂ ಒಳಗಿದ್ದವರೇ ಕೊಡಬೇಕು. ಜಗತ್ತಿನ ಭಾಷೆಗಳಿಗೆಲ್ಲ ‘ಗೆಟ್ಟೊ’ ಎಂಬ ಪದ ಹೋದದ್ದು ಇಲ್ಲಿಂದ. ದ್ವಾರಗಳು ಕಿತ್ತುಬಿದ್ದದ್ದು 1797ರಲ್ಲಿ, ನೆಪೋಲಿಯನ್ನನ ಸೇನೆ ಬಂದಾಗ. ಜಾಗ ಸಾಲದೆ ಮೇಲಕ್ಕೆ ಮೇಲಕ್ಕೆ ಕಟ್ಟಿದ ಮನೆಗಳು ಇನ್ನೂ ನಿಂತಿವೆ. ಹಗಲಲ್ಲಿ ಅದೊಂದು ಚೌಕ, ರಾತ್ರಿ ಅಲ್ಲಿಯ ಸೇತುವೆ ದಾಟುವಾಗ ಬೀಗ ಹಾಕಿದ ಊರು ಎಂದರೇನೆಂದು ಅರ್ಥವಾಗುತ್ತದೆ.

ಊಟದ ಮಾತು ಇಲ್ಲೇ ಮುಗಿಸುತ್ತೇನೆ. ಬಹುತೇಕ ಅಡುಗೆಮನೆಗಳು ಹತ್ತಕ್ಕೆಲ್ಲ ಮುಚ್ಚುತ್ತವೆ. ‘ಬಾಕರೊ’ ಎಂಬ ಪುಟ್ಟ ಅಂಗಡಿಗಳಲ್ಲಿ ‘ಚಿಕೆತ್ತಿ’ ಎಂಬ ತುಂಡು ತಿನಿಸು ನಿಂತೇ ತಿನ್ನುವುದು ರೂಢಿ, ಕಡಿಮೆ ಖರ್ಚಿನದು. ಸಸ್ಯಾಹಾರಿಗಳು ಎಚ್ಚರದಿಂದಿರಬೇಕು. ಬ್ರೆಡ್ಡಿನ ಮೇಲೆ ಬೆಣ್ಣೆಯಂತೆ ಬೆಳ್ಳಗೆ ಬಳಿದಿರುವುದು ಬಹಳ ಸಲ ‘ಬಕಲಾ’, ಅಂದರೆ ಒಣಮೀನನ್ನು ಅರೆದು ಮಾಡಿದ್ದು. ಕರಿದ ಚೀಸ್ ಸ್ಯಾಂಡ್‌ವಿಚ್ಚಿನೊಳಗೂ ಮೀನಿನ ಚೂರು ಇರಬಹುದು. “ಸೆನ್ಸಾ ಕಾರ್ನೆ, ಸೆನ್ಸಾ ಪೇಶೆ” (ಮಾಂಸವಿಲ್ಲದೆ, ಮೀನಿಲ್ಲದೆ) ಎಂದು ಕೇಳಿ. ಪಲ್ಲೆಹೂವಿನ (ಆರ್ಟಿಚೋಕ್) ಬುಡ, ಬದನೆಕಾಯಿ, ಚೀಸ್ ಸಿಗುತ್ತವೆ. ಸಾನ್ ಮಾರ್ಕೊ ಚೌಕದ ನೆಲದಲ್ಲೋ ಮೆಟ್ಟಿಲ ಮೇಲೋ ಕೂತು ಬುತ್ತಿ ಬಿಚ್ಚಿದರೆ ದಂಡ ಬೀಳುತ್ತದೆ. ಕುಡಿಯುವ ನೀರಿನ ನಲ್ಲಿಗಳು ಊರಲ್ಲೆಲ್ಲ ಇವೆ, ಬಾಟಲಿ ತುಂಬಿಸಿಕೊಳ್ಳಬಹುದು. ಸಾರ್ವಜನಿಕ ಶೌಚಾಲಯಗಳು ಮಾತ್ರ ಸಂಜೆಗೇ ಮುಚ್ಚುವುದರಿಂದ ಊಟ ಮಾಡಿದ ಜಾಗದಲ್ಲೇ ಆ ಕೆಲಸ ಮುಗಿಸಿಕೊಂಡು ಹೊರಡಿ.

ವಾಪೊರೆಟ್ಟೊ: ನೀರಿನ ಮೇಲಿನ ಸಿಟಿ ಬಸ್ಸು

1ನೇ ನಂಬರಿನ ವಾಪೊರೆಟ್ಟೊ ಪಿಯಾತ್ಸಾಲೆ ರೋಮಾದಿಂದ ಹೊರಟು ದೊಡ್ಡ ಕಾಲುವೆಯ ಉದ್ದಕ್ಕೂ ಆ ದಡ ಈ ದಡ ಮುಟ್ಟುತ್ತಾ ಸಾನ್ ಮಾರ್ಕೊಗೆ, ಅಲ್ಲಿಂದ ಲಿದೊ ದ್ವೀಪಕ್ಕೆ ಹೋಗುತ್ತದೆ. ಸಾನ್ ಮಾರ್ಕೊವರೆಗೆ ಮುಕ್ಕಾಲು ಗಂಟೆಯ ಒಳಗೆ. 75 ನಿಮಿಷದ ಟಿಕೆಟ್ಟು 9.50 ಯೂರೋ. ಸಿಟಿ ಬಸ್ಸಿಗೆ ಇದು ಬಹಳ ದುಬಾರಿ, ನಿಜ. ಆದರೆ ಮೊದಲ ವೆನಿಸ್ ಅನ್ನು, ಆ ಅರಮನೆಗಳ ಸಾಲನ್ನು, ನೀರಿನ ಮೇಲಿನಿಂದ ತೋರಿಸುವ ದೋಣಿಗಳಲ್ಲಿ ಇದಕ್ಕಿಂತ ಅಗ್ಗದ್ದು ಇನ್ನೊಂದಿಲ್ಲ. ಆ ಅರಮನೆಗಳನ್ನು ಕಟ್ಟಿದ್ದೇ ನೀರಿನಿಂದ ನೋಡಲಿ ಎಂದು. ಮುಖ ಕಾಲುವೆಗೆ, ಹಿತ್ತಲು ಓಣಿಗೆ. ನಡೆದು ನೋಡುವವರಿಗೆ ಸಿಗುವುದು ಬೆನ್ನು ಮಾತ್ರ.

ಇದರಲ್ಲಿ ಒಂದು ಉಪಾಯವಿದೆ. ರೈಲು ನಿಲ್ದಾಣದ ಎದುರಿನ ಫೆರೊವಿಯಾ ನಿಲ್ದಾಣದಲ್ಲಿ ಹತ್ತಬೇಡಿ. ಐದಾರು ನಿಮಿಷ ನಡೆದು ದೋಣಿ ಹೊರಡುವ ಜಾಗವಾದ ಪಿಯಾತ್ಸಾಲೆ ರೋಮಾದಲ್ಲೇ ಹತ್ತಿ. ದೋಣಿ ಖಾಲಿ ಇರುತ್ತದೆ, ಮುಂದಿನ ಇಲ್ಲವೇ ಹಿಂದಿನ ತೆರೆದ ಸೀಟು ಸಿಗುತ್ತದೆ. ರಾತ್ರಿ ಒಂಬತ್ತರ ಮೇಲೆ, ಬೇಸಿಗೆಯಲ್ಲಿ ಒಂಬತ್ತೂವರೆಯ ಮೇಲೆ ಹೊರಡಿ. ಆ ಹೊತ್ತಿಗೆ ಜನ ಚೌಕದಿಂದ ನಿಲ್ದಾಣದ ಕಡೆ ಬರುತ್ತಿರುತ್ತಾರೆ, ನೀವು ಎದುರು ದಿಕ್ಕಿಗೆ ಹೋಗುತ್ತೀರಿ. ಹತ್ತುವ ಮೊದಲು ಟಿಕೆಟ್ಟನ್ನು ಯಂತ್ರಕ್ಕೆ ಮುಟ್ಟಿಸುವುದನ್ನು ಮರೆಯಬೇಡಿ. ತಪಾಸಣೆಯವರು ರಾತ್ರಿಯೂ ಬರುತ್ತಾರೆ.

ಕಣ್ಣು ಮೊದಲ ಮಹಡಿಯ ಕಿಟಕಿಗಳ ಮೇಲಿರಲಿ. ಹಗಲಲ್ಲಿ ಕಪ್ಪು ಗಾಜಷ್ಟೇ ಕಾಣುವಲ್ಲಿ ರಾತ್ರಿ ದೀಪ ಹಚ್ಚಿದಾಗ ಚಿತ್ರ ಬರೆದ ಚಾವಣಿ, ಮರದ ತೊಲೆ, ಪಕ್ಕದ ಮುರಾನೊ ದ್ವೀಪದ ಗಾಜಿನ ತೂಗುದೀಪ ಹೊಳೆಯುತ್ತವೆ. ಎಡಗಡೆ ವೆಂದ್ರಮಿನ್ ಕಾಲೆರ್ಜಿ ಅರಮನೆ ಬರುತ್ತದೆ. ಸಂಗೀತಗಾರ ವಾಗ್ನರ್ 1883ರಲ್ಲಿ ತೀರಿಕೊಂಡದ್ದು ಅಲ್ಲಿ, ಈಗ ಅದು ಕ್ಯಾಸಿನೊ. ಆಮೇಲೆ ಕಾ ದೋರೊ ಅರಮನೆ, 1591ರಲ್ಲಿ ಮುಗಿದ ರಿಯಾಲ್ಟೊ ಸೇತುವೆಯ ಒಂಟಿ ಕಮಾನು, ಕೊನೆಯಲ್ಲಿ ಬಲಗಡೆ ಸಾಂತಾ ಮರಿಯಾ ದೆಲ್ಲಾ ಸಲೂತೆಯ ಬಿಳಿ ಗುಮ್ಮಟ. 1630ರ ಪ್ಲೇಗ್ ತೊಲಗಿದರೆ ಕಟ್ಟಿಸುತ್ತೇವೆಂದು ಹರಸಿಕೊಂಡು ಕಟ್ಟಿದ ಗುಡಿ ಅದು.

ಕತ್ತಲಾಗಿರುವ ಕಿಟಕಿಗಳನ್ನೂ ಎಣಿಸುತ್ತೀರಿ. ಬಹಳ ಇವೆ. 1951ರಲ್ಲಿ ಈ ಊರಿನಲ್ಲಿ ಸುಮಾರು 1,75,000 ಜನ ಇದ್ದರು. ಮನೆಗಳು ಪ್ರವಾಸಿಗರ ಬಾಡಿಗೆಗೆ, ಹೊರಗಿನವರ ರಜಾದಿನದ ಬಳಕೆಗೆ ಹೋದಂತೆಲ್ಲ ದೀಪಗಳು ಕಡಿಮೆಯಾಗುತ್ತಾ ಬಂದವು. ನನಗೆ ಪ್ರತಿಸಲ ಚೆಸಾರೆ ಫೆದೆರಿಚಿಯ ನೆನಪಾಗುತ್ತದೆ. ಆ ವೆನಿಸ್ ವರ್ತಕ 1567ರಲ್ಲಿ, ತಾಳಿಕೋಟೆ ಯುದ್ಧವಾದ ಎರಡು ವರ್ಷಕ್ಕೆ, ವಿಜಯನಗರಕ್ಕೆ ಬಂದು ಏಳು ತಿಂಗಳು ಇದ್ದ. ಮನೆಗಳು ನಿಂತೇ ಇವೆ, ಒಳಗೆ ಜನರಿಲ್ಲ ಎಂದು ಬರೆದಿಟ್ಟ. ಹಂಪಿಯನ್ನು ಬಲ್ಲ ನಮ್ಮ ಕಣ್ಣಿಗೆ ಈ ಕತ್ತಲ ಕಿಟಕಿಗಳು ಬೇರೆಯೇ ರೀತಿ ಕಾಣುತ್ತವೆ.

ಇದರ ಕೊರತೆ ಎಂದರೆ ಎಂಜಿನ್ನಿನ ಗದ್ದಲ, ದಡಕ್ಕೆ ತಾಗಿದಾಗಲೆಲ್ಲ ಆಗುವ ಕುಲುಕಾಟ. ಹಿತ್ತಲ ಕಾಲುವೆಗಳಿಗೆ ಇದು ಹೋಗುವುದೂ ಇಲ್ಲ. ನಡುರಾತ್ರಿಯ ಹೊತ್ತಿಗೆ 1ನೇ ನಂಬರು ಮುಗಿದು ‘ಎನ್’ ಎಂಬ ರಾತ್ರಿ ದೋಣಿ ಶುರುವಾಗುತ್ತದೆ. ಅದೂ ದೊಡ್ಡ ಕಾಲುವೆಯಲ್ಲೇ ಹೋಗುತ್ತದೆ, ಆದರೆ ಕಾಯುವ ಹೊತ್ತು ಜಾಸ್ತಿ. ಎರಡಕ್ಕಿಂತ ಹೆಚ್ಚು ಸಲ ಹತ್ತುವುದಾದರೆ 25 ಯೂರೋದ 24 ಗಂಟೆಯ ಪಾಸು ತೆಗೆದುಕೊಳ್ಳಿ. ಸಂಜೆ ಆರಕ್ಕೆ ಮುಟ್ಟಿಸಿದರೆ ಮರುದಿನ ಸಂಜೆ ಆರರವರೆಗೂ ನಡೆಯುತ್ತದೆ, ಹೀಗೆ ಒಂದು ರಾತ್ರಿಯೂ ಒಂದು ಹಗಲೂ ದಕ್ಕುತ್ತದೆ. 6ರಿಂದ 29 ವಯಸ್ಸಿನವರು ಆರು ಯೂರೋದ ‘ರೋಲಿಂಗ್ ವೆನಿಸ್’ ಕಾರ್ಡು ಮಾಡಿಸಿದರೆ 72 ಗಂಟೆಯ ಪಾಸು 27 ಯೂರೋಗೆ ಸಿಗುತ್ತದೆ. ಅಕ್ಕನ ಮಗನಿಗೆ ಹೇಳಿದ್ದು ಇದನ್ನೇ. ಆರು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ಟಿಲ್ಲ.

ಗೊಂಡೊಲಾ

ನಗರಸಭೆ ಗೊತ್ತುಮಾಡಿದ ದರವಿದೆ. ಹಗಲಲ್ಲಿ 30 ನಿಮಿಷಕ್ಕೆ 90 ಯೂರೋ, ಸಂಜೆ 7ರ ನಂತರ 35 ನಿಮಿಷಕ್ಕೆ 110 ಯೂರೋ. ಇದು ಇಡೀ ದೋಣಿಗೆ, ತಲೆಗಲ್ಲ. ಐದು ಜನರವರೆಗೆ ಕೂರಬಹುದು. ಹಾಡು ಬೇಕಿದ್ದರೆ ಬೇರೆ ದುಡ್ಡು. ಇಬ್ಬರೇ ಆದರೆ ತಲೆಗೆ 55, ಐವರಾದರೆ 22. ಹೋಲಿಕೆ ನಿಲ್ಲುವುದೇ ಈ ಲೆಕ್ಕದ ಮೇಲೆ. ಐದು ಜನರ ಕುಟುಂಬಕ್ಕೆ ಗೊಂಡೊಲಾ ಅಷ್ಟೇನೂ ದುಬಾರಿಯಲ್ಲ, ವಾಪೊರೆಟ್ಟೊಗೇ 47.50 ಆಗುತ್ತದೆ.

ಈಗ ಸೂರ್ಯನ ಮಾತಿಗೆ ಬರೋಣ. ಮೊದಲ ಸಲ ನಾನು ಗೊಂಡೊಲಾ ಹತ್ತಿದ್ದು ಜೂನ್ ತಿಂಗಳಲ್ಲಿ, ಸಂಜೆ ಏಳೂಕಾಲಿಗೆ. ರಾತ್ರಿಯ ದರ ಕೊಟ್ಟೆ, ಮೇಲೆ ಬಿಸಿಲು ಹೊಳೆಯುತ್ತಿತ್ತು. ಅದು ಅಂಬಿಗನ ತಪ್ಪಲ್ಲ, ನಾನು ಯೋಚಿಸಿರಲಿಲ್ಲ. ಬೇಸಿಗೆಯಲ್ಲಿ ರಾತ್ರಿ ಗೊಂಡೊಲಾ ಬೇಕೆಂದರೆ ಒಂಬತ್ತೂವರೆಯವರೆಗೆ ತಡೆಯಿರಿ. ಚಳಿಗಾಲದಲ್ಲಿ ಇದರ ಉಲ್ಟಾ. ನವೆಂಬರ್ ಮಧ್ಯದಿಂದ ಜನವರಿಯ ಆರಂಭದವರೆಗೆ ಸಂಜೆ ಐದೂವರೆಗೆಲ್ಲ ಕತ್ತಲು, ದೀಪಗಳು ಹತ್ತಿರುತ್ತವೆ, ದರ ಮಾತ್ರ ಇನ್ನೂ ಹಗಲಿನದೇ. ಅದೇ ಕತ್ತಲು ಇಪ್ಪತ್ತು ಯೂರೋ ಕಡಿಮೆಗೆ ಸಿಗುತ್ತದೆ. ಸವಾರಿ ಐದು ನಿಮಿಷ ಚಿಕ್ಕದಾಗುತ್ತದೆ, ಅಷ್ಟೇ. ಸ್ವೆಟರು, ಟೋಪಿ ಇರಲಿ. ನೀರಿನ ಮಟ್ಟದಲ್ಲಿ ಕೂತಾಗ ಥಂಡಿ ಮೂಳೆಗೆ ಇಳಿಯುತ್ತದೆ.

ಎಲ್ಲಿಂದ ಹತ್ತುತ್ತೀರಿ ಎನ್ನುವುದೂ ಮುಖ್ಯ. ಚೌಕದ ಹಿಂದಿನ ಬಾಚಿನೊ ಓರ್ಸೆಯೊಲೊದಿಂದ ಹೊರಟರೆ ದೋಣಿಗಳ ಹಿಂದೆ ದೋಣಿ. ಸಾನ್ ತೊಮಾ ಕಡೆಯ ಕಟ್ಟೆಗೆ ಹೋಗಿ. ಹತ್ತುವ ಮೊದಲೇ “ದೊಡ್ಡ ಕಾಲುವೆ ಬೇಡ, ಚಿಕ್ಕ ಕಾಲುವೆಗಳಲ್ಲೇ ಕರೆದುಕೊಂಡು ಹೋಗಿ” ಎಂದು ಹೇಳಿ, ದರವನ್ನೂ ನಿಮಿಷವನ್ನೂ ಮಾತಾಡಿಕೊಳ್ಳಿ. ದೊಡ್ಡ ಕಾಲುವೆಯನ್ನು ವಾಪೊರೆಟ್ಟೊ ತೋರಿಸುತ್ತದೆ, ಅದಕ್ಕೆ ಇಲ್ಲಿ ದುಡ್ಡು ಹಾಕಬೇಡಿ.

ಹಾಗಾದರೆ ಗೊಂಡೊಲಾಗೆ ಕೊಟ್ಟ ದುಡ್ಡಿಗೆ ಸಿಗುವುದೇನು? ಮೌನ. ಹನ್ನೊಂದು ಮೀಟರ್ ಉದ್ದದ ದೋಣಿ, ಒಂದೇ ಹುಟ್ಟು, ಎಂಜಿನ್ನಿಲ್ಲ. ಹುಟ್ಟು ಒಂದೇ ಬದಿಯಲ್ಲಿರುವುದರಿಂದ ದೋಣಿ ಸುತ್ತು ಹೊಡೆಯದಿರಲೆಂದು ಎಡಬದಿಯನ್ನು ಬಲಕ್ಕಿಂತ ಅಗಲವಾಗಿ ಕಟ್ಟಿರುತ್ತಾರೆ. ಖಾಲಿ ಗೊಂಡೊಲಾ ಒಂದು ಕಡೆ ವಾಲಿಕೊಂಡೇ ನಿಂತಿರುವುದು ಇದಕ್ಕೇ. ತಿರುವು ಬಂದಾಗ ಅಂಬಿಗ ‘ಓಯ್’ ಎಂದು ಕೂಗುತ್ತಾನೆ, ಎದುರಿನ ಕತ್ತಲಿನಿಂದ ಇನ್ನೊಂದು ಕೂಗು ಬರುತ್ತದೆ, ಎರಡು ದೋಣಿಗಳು ಅಂಗೈ ಅಗಲದ ಅಂತರದಲ್ಲಿ ಹಾದುಹೋಗುತ್ತವೆ. ಸೇತುವೆಯಡಿ ಹೋಗುವಾಗ ಅಂಬಿಗ ಬಾಗುತ್ತಾನೆ. ಮನೆಗಳ ನೀರಬಾಗಿಲು, ಅದರ ಉಪ್ಪು ತಿಂದ ಇಟ್ಟಿಗೆ, ಪಾಚಿಯ ಗೆರೆ ಕಣ್ಣಿನ ಮಟ್ಟಕ್ಕೆ ಬರುತ್ತವೆ. ಈ ಎರಡನೆಯ ವೆನಿಸ್ ಅನ್ನು ದಡದಿಂದ ನೋಡಲಾಗುವುದಿಲ್ಲ. ಒಮ್ಮೆ ನೋಡಬೇಕಾದದ್ದೇ, ಆದರೆ ಹಾಸಿಗೆಯ ದುಡ್ಡು ತೆಗೆದಿಟ್ಟ ಮೇಲೆ.

ಉಬ್ಬರ ಹೆಚ್ಚಿದ ದಿನ ತಗ್ಗು ಸೇತುವೆಗಳಡಿ ಗೊಂಡೊಲಾ ತೂರುವುದಿಲ್ಲ, ಸುತ್ತುದಾರಿ ಬದಲಾಗುತ್ತದೆ. ಅಕ್ಟೋಬರಿನಿಂದ ಜನವರಿಯೊಳಗೆ ಬರುವವರು ಆ ದಿನದ ನೀರಿನ ಮಟ್ಟ ನೋಡಿಕೊಳ್ಳಿ.

ಒಳಾಂಗಣದ ರಾತ್ರಿ, ಮಾರ್ಗದರ್ಶಿಯ ರಾತ್ರಿ

ಮಳೆ ಬಂದರೆ, ಕಾಲು ಸೋತಿದ್ದರೆ ಇದು ನೆರವಿಗೆ ಬರುತ್ತದೆ. ಬೇಸಿಗೆಯ ಶುಕ್ರವಾರ, ಶನಿವಾರಗಳಂದು ದೋಜೆ ಅರಮನೆ, ಅಂದರೆ ಹಳೆಯ ಗಣರಾಜ್ಯದ ಮುಖ್ಯಸ್ಥನ ಅರಮನೆ, ರಾತ್ರಿ ಹನ್ನೊಂದರವರೆಗೆ ತೆರೆದಿರುತ್ತದೆ. ಅರಮನೆಯಿಂದ ಸೆರೆಮನೆಗೆ ಹೋಗುವ ನಿಟ್ಟುಸಿರಿನ ಸೇತುವೆಯನ್ನು ಒಳಗಿನಿಂದ ದಾಟಿ, ಅದರ ಕಲ್ಲಿನ ಜಾಲರಿಯ ಕಿಂಡಿಯಿಂದ ರಾತ್ರಿಯ ನೀರು ನೋಡುವುದು ಹಗಲಿನ ನೂಕಾಟದಲ್ಲಿ ಸಾಧ್ಯವೇ ಇಲ್ಲ. ಸಾನ್ ಮಾರ್ಕೊ ಇಗರ್ಜಿಗೆ ಮುಚ್ಚಿದ ಮೇಲೆ ಸಣ್ಣ ಗುಂಪುಗಳನ್ನು ಕರೆದೊಯ್ಯುವ ವ್ಯವಸ್ಥೆಯಿದೆ. ಕತ್ತಲಲ್ಲಿ ಕೂರಿಸಿ ನಿಧಾನವಾಗಿ ದೀಪ ಹಚ್ಚುತ್ತಾರೆ, ಚಿನ್ನದ ಮೊಸಾಯಿಕ್ ಚಾವಣಿ ತುಸುತುಸುವೇ ಎಚ್ಚರಗೊಳ್ಳುತ್ತದೆ. ಅಗ್ಗವಲ್ಲ. ಚಿತ್ರಕಲೆ, ವಾಸ್ತುವಿನಲ್ಲಿ ನಿಜವಾದ ಆಸಕ್ತಿ ಇದ್ದವರು ಗೊಂಡೊಲಾ ಬಿಟ್ಟು ಇದಕ್ಕೆ ಹೋಗಲಿ ಎಂದೇ ನನ್ನ ಸಲಹೆ. ವಿವಾಲ್ಡಿ ಹುಟ್ಟಿದ ಊರಾದ್ದರಿಂದ ಹಳೆಯ ಇಗರ್ಜಿಗಳಲ್ಲಿ ಸಂಜೆ ಕಛೇರಿಗಳೂ ನಡೆಯುತ್ತವೆ.

ಕಾಲ್ನಡಿಗೆಯ ರಾತ್ರಿ ಪ್ರವಾಸಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. 2024ರಿಂದ ಗುಂಪಿನಲ್ಲಿ 25ಕ್ಕಿಂತ ಹೆಚ್ಚು ಜನ ಇರುವಂತಿಲ್ಲ, ಧ್ವನಿವರ್ಧಕ ಬಳಸುವಂತಿಲ್ಲ. ಅದರಿಂದ ಒಳ್ಳೆಯದೇ ಆಗಿದೆ. ಆದರೂ ಬಹಳಷ್ಟು ಪ್ರವಾಸಗಳು ದೆವ್ವದ ಕತೆಗಳ ಮೇಲೆ ನಡೆಯುತ್ತವೆ. ಇತಿಹಾಸ ಬೇಕಾದವರು ಬುಕ್ ಮಾಡುವ ಮೊದಲು ವಿಷಯ ಏನೆಂದು ಓದಿಕೊಳ್ಳಿ. ಮೋಟಾರು ಟ್ಯಾಕ್ಸಿ ದೋಣಿ ನಾನು ಯಾರಿಗೂ ಹೇಳುವುದಿಲ್ಲ: ಗೊಂಡೊಲಾದ ದುಡ್ಡು, ವಾಪೊರೆಟ್ಟೊದ ಗದ್ದಲ. ವಯಸ್ಸಾದವರನ್ನು ಸಾಮಾನಿನ ಸಮೇತ ಹೋಟೆಲ್ ಬಾಗಿಲಿಗೆ ತಲುಪಿಸಬೇಕಾದಾಗ ಮಾತ್ರ ಅದಕ್ಕೆ ಅರ್ಥವಿದೆ.

ಯಾರಿಗೆ ಯಾವುದು

ಹುಬ್ಬಳ್ಳಿಯ ಗೆಳೆಯ, ಹೆಂಡತಿ, ಇಬ್ಬರು ಮಕ್ಕಳು, ಅವನ ಅಮ್ಮ, ಒಟ್ಟು ಐವರು ಬಂದದ್ದು ಡಿಸೆಂಬರಿನಲ್ಲಿ. ಅವರಿಗೆ ಐದೂವರೆಯ ಗೊಂಡೊಲಾ ಹೇಳಿದೆ, ತಲೆಗೆ 18 ಯೂರೋ ಬಿತ್ತು. ಮಕ್ಕಳು ಬೇಗ ಮಲಗುವುದರಿಂದ ಕತ್ತಲು ಬೇಗ ಆಗುವ ತಿಂಗಳು ಅವರಿಗೆ ವರವಾಯಿತು. ಅಕ್ಕನ ಮಗ ದುಡ್ಡಿಲ್ಲದ ವಿದ್ಯಾರ್ಥಿ. ಹಾಸ್ಟೆಲಿನಲ್ಲಿ ತಂಗಿ, ರಾತ್ರಿಯಿಡೀ ನಡೆದು, ನಸುಕಿನ ‘ಎನ್’ ದೋಣಿ ಹಿಡಿದ. ಹೊಸದಾಗಿ ಮದುವೆಯಾದವರು ಏನು ಹೇಳಿದರೂ ಗೊಂಡೊಲಾ ಹತ್ತಿಯೇ ಹತ್ತುತ್ತೀರಿ, ಹತ್ತಿ. ಒಂಬತ್ತೂವರೆಯ ನಂತರ, ಚಿಕ್ಕ ಕಾಲುವೆಯಲ್ಲಿ. ಜುಲೈಯಲ್ಲಿ ದಿನಾಂಕ ನಿಮ್ಮ ಕೈಯಲ್ಲಿದ್ದರೆ ಮೂರನೆಯ ಭಾನುವಾರದ ಹಿಂದಿನ ಶನಿವಾರ ಬನ್ನಿ. ಅಂದು ರೆದೆಂತೊರೆ ಹಬ್ಬ, ಸಾನ್ ಮಾರ್ಕೊ ಎದುರಿನ ನೀರಿನ ಮೇಲೆ ತಡರಾತ್ರಿ ಬಾಣಬಿರುಸು. ಕೋಣೆ ಮಾತ್ರ ತಿಂಗಳುಗಳ ಮೊದಲೇ ಹಿಡಿಯಬೇಕು. ಟೂರ್ ಬಸ್ಸಿನವರು ಸಂಜೆ ಆರಕ್ಕೆ ಊರಾಚೆ ಕರೆದೊಯ್ಯುತ್ತಾರೆಂದಾದರೆ ಊಟವಾದ ಮೇಲೆ ಇಬ್ಬರು ಮೂವರು ಸೇರಿ ರೈಲಿನಲ್ಲೋ ಟ್ರಾಮಿನಲ್ಲೋ ಹಿಂತಿರುಗಿ ಬನ್ನಿ. ಒಂದು ವಾಪೊರೆಟ್ಟೊ ಸವಾರಿ, ಚೌಕದಲ್ಲಿ ಅರ್ಧ ಗಂಟೆ, ವಾಪಸ್. ಎರಡೂವರೆ ಗಂಟೆ ಇದ್ದರೆ ಆಗುತ್ತದೆ.

ಚಿಕ್ಕಮ್ಮನಿಗೆ ಎರಡೂ ಮಂಡಿ ನೋವು. ಗೊಂಡೊಲಾ ಅವರಿಗೆ ಬೇಡವೆಂದೆ, ಅಲುಗುವ ದೋಣಿಗೆ ಕೆಳಗಿಳಿದು ಹತ್ತುವುದು ಕಷ್ಟ. ವಾಪೊರೆಟ್ಟೊ ಕಟ್ಟೆಯಿಂದ ಹೆಚ್ಚುಕಡಿಮೆ ಸಮತಟ್ಟಾಗಿ ಕಾಲಿಡಬಹುದು. ಸಾನ್ ತೊಮಾ ನಿಲ್ದಾಣದಿಂದ ಒಂದೂ ಸೇತುವೆ ದಾಟದೆ ತಲುಪುವ ಹೋಟೆಲು ಹುಡುಕಿಕೊಟ್ಟೆ. ಕೋಣೆ ಹುಡುಕುವಾಗ ‘ನಿಲ್ದಾಣದಿಂದ ಎಷ್ಟು ಸೇತುವೆ’ ಎಂದು ಹೋಟೆಲಿನವರನ್ನೇ ಬರೆದು ಕೇಳಿ, ಅವರು ಹೇಳುತ್ತಾರೆ. ಪಿಯಾತ್ಸಾಲೆ ರೋಮಾದಲ್ಲಿ ಮುಂದಿನ ಸೀಟು ಹಿಡಿದು ಸಾನ್ ಮಾರ್ಕೊವರೆಗೆ ಹೋದೆವು. ಚೌಕದಲ್ಲಿ ಕಾಫಿ ಹೋಟೆಲೊಂದರ ವಾದ್ಯದವರು ನುಡಿಸುತ್ತಿದ್ದರು. ಅಲ್ಲಿ ಕುರ್ಚಿಯಲ್ಲಿ ಕೂತರೆ ಸಂಗೀತಕ್ಕೂ ದುಡ್ಡು, ನಿಂತು ಕೇಳಿದರೆ ಇಲ್ಲ. ಚಿಕ್ಕಮ್ಮ ಕಂಬಕ್ಕೆ ಒರಗಿ ನಿಂತು ಕೇಳಿದರು. ಹನ್ನೊಂದು ದಾಟಿತ್ತು. ಹೋಟೆಲಿಗೆ ಹೋಗೋಣವೆಂದು ದೋಣಿ ಹತ್ತಿದೆವು, ಸಾನ್ ತೊಮಾ ಬಂತು, ಚಿಕ್ಕಮ್ಮ ಏಳಲಿಲ್ಲ. “ಕೊನೇವರೆಗೂ ಹೋಗಿ ಇದರಲ್ಲೇ ವಾಪಸ್ ಬರೋಣ ಕಣೋ, ಪಾಸಿದೆಯಲ್ಲ” ಎಂದರು.